ವಾಂತಿ ಮಾತ್ರೆ ಮಾರುವವನಿಂದ ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಆರೋಗ್ಯ ಸಚಿವರಿಗೆ,

ಮಾನ್ಯರೇ, ನಮಸ್ಕಾರ.

ನಾನು ಮೈಸೂರಿನಲ್ಲಿ 26 ವರ್ಷದಿಂದ ಮೆಡಿಕಲ್ ಸ್ಟೋರ್ ಇಟ್ಟುಕೊಂಡಿದ್ದೇನೆ. ಹುಟ್ಟೂರು ಮದ್ದೂರಿನ ಹತ್ತಿರ ಒಂದು ಹಳ್ಳಿ. ಡಿ.ಫಾರ್ಮ ಓದಿದವನು, ಡಾಕ್ಟರಲ್ಲ. ಆದರೆ ಕೌಂಟರಿನ ಹಿಂದೆ ನಿಂತವನಿಗೆ ಊರಿನ ಆರೋಗ್ಯದ ಕೆಲವು ಸುದ್ದಿ ಡಾಕ್ಟರಿಗಿಂತ ಮೊದಲೇ ಮುಟ್ಟುತ್ತದೆ. ಜ್ವರದ ಮಾತ್ರೆಯ ಡಬ್ಬ ಎರಡೇ ದಿನಕ್ಕೆ ಖಾಲಿಯಾದರೆ ಬಡಾವಣೆಗೆ ಡೆಂಗಿ ಬಂದಿದೆ ಅಂತ ಲೆಕ್ಕ.

ಕಣ್ಣಿನ ಡ್ರಾಪ್ಸ್ ವಿಷಯವೂ ಹಾಗೇ. ಸಂಜೆ ಏಳರ ಮೇಲೆ ಒಂದೇ ಬೈಕಿನಲ್ಲಿ ಮೂರು ಹುಡುಗರು ಬರುತ್ತಾರೆ. ಒಬ್ಬ ಇಳಿಯುತ್ತಾನೆ. "ಅಣ್ಣಾ, ಕಣ್ಣು ಕೆಂಪಗಿರೋದು ಹೋಗೋಕೆ ಡ್ರಾಪ್ಸ್ ಕೊಡಿ." ನೋವಿದೆಯಾ ಅಂದರೆ ಇಲ್ಲ. ಗೀಜು ಬರುತ್ತಾ ಅಂದರೆ ಇಲ್ಲ. ಬಿಲ್ ಬೇಡ. ಅಲ್ಲೇ ಸ್ಕೂಟರಿನ ಕನ್ನಡಿ ನೋಡಿಕೊಂಡು ಎರಡೆರಡು ಹನಿ ಬಿಟ್ಟುಕೊಳ್ಳುತ್ತಾರೆ, ಮನೆಗೆ ಹೋಗುತ್ತಾರೆ. ಗಾಂಜಾ ಸುತ್ತುವ ಪೇಪರನ್ನ ಮುಂದಿನ ತಿರುವಿನ ಬೀಡಾ ಅಂಗಡಿಯಲ್ಲಿ ಆಗಲೇ ತಗೊಂಡಿರುತ್ತಾರೆ. ಅವರ ಭಾಷೆಯಲ್ಲಿ ಗಾಂಜಾಕ್ಕೆ "ಸೊಪ್ಪು" ಅಂತಾರೆ. ಮಂಡ್ಯದ ಕಡೆಯವನಿಗೆ ಸೊಪ್ಪು ಅಂದರೆ ಬಸ್ಸಾರು ನೆನಪಾಗಬೇಕು. ಈಗ ಆ ಪದ ಕೇಳಿದರೆ ನಾನು ಮೊದಲು ಮುಖ ನೋಡುತ್ತೇನೆ.

ಈ ಪತ್ರ ಬರೆಯೋಕೆ ಕಾರಣ ಆ ಹುಡುಗರೇ. ನಮ್ಮ ಅಂಗಡಿ ಮುಂದಿನ ಕಟ್ಟೆಯ ಮೇಲೆ ಒಂದು ದಿನ ಜೋರು ವಾದ ನಡೆಯಿತು. ಥಾಯ್ಲೆಂಡಿನಲ್ಲಿ ಬಿಟ್ಟಿದ್ದಾರೆ, ಕೆನಡಾದಲ್ಲಿ ಬಿಟ್ಟಿದ್ದಾರೆ, ಜರ್ಮನಿಯಲ್ಲೂ ಬಿಟ್ಟರು, ನಮ್ಮಲ್ಲಿ ಯಾಕೆ ಬಿಡಬಾರದು ಅಂತ. ಬಿಪಿ ಮಾತ್ರೆಗೆ ಬಂದಿದ್ದ ಮಂಡ್ಯದ ಗೌಡರೊಬ್ಬರು ಮಧ್ಯೆ ಬಾಯಿ ಹಾಕಿದರು. "ಬುಡಬೇಕು ಕಣಣ್ಣ. ಕಬ್ಬು ಹಾಕಿ ಹಾಕಿ ಸಾಕಾಯ್ತು. ಅದುನ್ನಾರ ಬೆಳೀತೀವಿ." ಎಲ್ಲರೂ ನಕ್ಕರು. ನಾನೂ ನಕ್ಕೆ. ರಾತ್ರಿ ಶಟರ್ ಎಳೆದ ಮೇಲೆ ನಗು ಬರಲಿಲ್ಲ. ನನ್ನ ಅಕ್ಕನ ಮಗನ ವಿಷಯ ಆ ಕಟ್ಟೆಯವರಿಗೆ ಗೊತ್ತಿಲ್ಲ.

ಅದನ್ನೇ ಮೊದಲು ಹೇಳುತ್ತೇನೆ. ಹುಡುಗ ಮೈಸೂರಿನಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದ. ರೂಮು ಮಾಡಿಕೊಂಡಿದ್ದ. ಒಂದು ದಿನ ಬೆಳಗಿನ ಜಾವ ವಾಂತಿ ಶುರುವಾಯಿತು. ಸಂಜೆವರೆಗೆ ಇಪ್ಪತ್ತು ಸಲ. ನಾನೇ ಆಂಡನ್‌ಸೆಟ್ರಾನ್ ಕೊಟ್ಟೆ, ಗ್ಯಾಸಿಗೆ ಪ್ಯಾಂಟೊಪ್ರಜೋಲ್ ಕೊಟ್ಟೆ, ಓಆರ್‌ಎಸ್ ಕುಡಿಸಿದೆ. ಮೂರನೇ ದಿನ ತಾನಾಗಿ ನಿಂತಿತು. ಹೋಟೆಲ್ ಊಟ ಅಂತ ಬೈದು ಸುಮ್ನಾದೆವು. ಒಂದೂವರೆ ತಿಂಗಳಿಗೆ ಮತ್ತೆ. ಆಮೇಲೆ ಮತ್ತೆ. ಆಸ್ಪತ್ರೆಗೆ ಸೇರಿಸಿದೆವು, ಡ್ರಿಪ್ ಹಾಕಿದರು, ಸ್ಕ್ಯಾನ್ ಆಯಿತು, ಬಾಯಿಂದ ಕೊಳವೆ ಬಿಟ್ಟು ಎಂಡೋಸ್ಕೋಪಿಯೂ ಆಯಿತು. ಏನೂ ಇಲ್ಲ. ಅಕ್ಕ ಊರಿಗೆ ಕರೆದುಕೊಂಡು ಹೋಗಿ ತಡೆ ಹೊಡೆಸಿದಳು. ತಾಯತ ಕಟ್ಟಿಸಿದಳು.

ಅಲ್ಲೇ ಒಂದು ವಿಚಿತ್ರ ಕಂಡಿತು. ಹುಡುಗ ಬಚ್ಚಲುಮನೆ ಬಿಟ್ಟು ಬರೋದೇ ಇಲ್ಲ. ಅಕ್ಕನ ಮನೆಯಲ್ಲಿ ಇನ್ನೂ ಹಂಡೆ ಒಲೆ ಇದೆ. ಅವಳು ತೆಂಗಿನ ಮಟ್ಟೆ ತುರುಕಿ ತುರುಕಿ ನೀರು ಕಾಯಿಸಬೇಕು. ಅವನು ಒಂದೊಂದೂವರೆ ಗಂಟೆ ಸುಡುಸುಡು ನೀರು ಹುಯ್ದುಕೊಳ್ಳುತ್ತಾ ಕೂತಿರುತ್ತಾನೆ. ಬೆನ್ನು, ಹೊಟ್ಟೆ ಕೆಂಪಗೆ ಬೆಂದ ಹಾಗಾಗಿದೆ. ನೀರು ಬೀಳುತ್ತಿರುವಷ್ಟು ಹೊತ್ತು ವಾಂತಿ ಇಲ್ಲ, ಹೊಟ್ಟೆನೋವಿಲ್ಲ. ಈಚೆ ಬಂದು ಮೈ ಆರಿದರೆ ಮತ್ತೆ ಶುರು. ಮಧ್ಯಾಹ್ನ ಒಂದು ಸಲ, ರಾತ್ರಿ ಎರಡು ಸಲ. "ಬಿಸಿನೀರಿಗೆ ಹೊಟ್ಟೆನೋವು ಹೋಗುತ್ತೆ ಮಾವ, ಅಷ್ಟೇ" ಅಂದ. ನನಗೂ ಹೊಳೆಯಲಿಲ್ಲ. ಇಷ್ಟು ವರ್ಷ ಔಷಧಿ ಮಾರಿದವನು ನಾನು. ಹೊಳೆಯಲಿಲ್ಲ.

ಕೊನೆಗೆ ಒಬ್ಬರು ವಯಸ್ಸಿನಲ್ಲಿ ಚಿಕ್ಕ ಡಾಕ್ಟರು, ಬಿಸಿನೀರಿನ ವಿಷಯ ಕೇಳಿದ ಕೂಡಲೇ, ನಮ್ಮನ್ನೆಲ್ಲ ಆಚೆ ಕಳಿಸಿದರು. ಹತ್ತು ನಿಮಿಷ ಆದ ಮೇಲೆ ನನ್ನನ್ನು ಮಾತ್ರ ಕರೆದರು. ದಿನಾ ನಾಲ್ಕೈದು ಸಲ ಗಾಂಜಾ. ಎರಡೂವರೆ ವರ್ಷದಿಂದ.

ಈ ಕಾಯಿಲೆಗೆ ಕ್ಯಾನಬಿನಾಯ್ಡ್ ಹೈಪರ್‌ಎಮೆಸಿಸ್ ಅಂತ ಹೆಸರಿದೆ. ಮೊದಲ ಬಾರಿಗೆ ವೈದ್ಯರು ಇದನ್ನು ಬರೆದಿಟ್ಟದ್ದು 2004ರಲ್ಲಿ, ದಕ್ಷಿಣ ಆಸ್ಟ್ರೇಲಿಯಾದಿಂದ. ಅಲ್ಲಿನ ರೋಗಿಗಳಿಗೂ ಬಿಸಿನೀರಿನ ಹುಚ್ಚೇ ಗುರುತಾಗಿತ್ತು. ತಮಾಷೆ ನೋಡಿ, ಕ್ಯಾನ್ಸರ್ ಚಿಕಿತ್ಸೆಯವರ ವಾಂತಿ ನಿಲ್ಲಿಸೋಕೆ ಗಾಂಜಾದಲ್ಲಿರುವ ಟಿಎಚ್‌ಸಿ ಅನ್ನೋ ಅಂಶದ ಔಷಧಿಯನ್ನೇ ಕೆಲವು ದೇಶಗಳಲ್ಲಿ ಕೊಡುತ್ತಾರೆ. ಅದೇ ಅಂಶ ವರ್ಷಗಟ್ಟಲೆ ದಿನಾ ಮೈಗೆ ಬಿದ್ದರೆ ಕೆಲವರಲ್ಲಿ ಉಲ್ಟಾ ಹೊಡೆಯುತ್ತದೆ. ನಾವು ಮಾರುವ ವಾಂತಿ ಮಾತ್ರೆ ಇದಕ್ಕೆ ಅಷ್ಟಾಗಿ ತಾಕಲ್ಲ. ಮೆಣಸಿನಕಾಯಿಯ ಖಾರದಿಂದ ಮಾಡುವ ಕ್ಯಾಪ್ಸೈಸಿನ್ ಮುಲಾಮನ್ನು ಹೊಟ್ಟೆಗೆ ಹಚ್ಚಿದರೆ ಸ್ವಲ್ಪ ಹಿಡಿತಕ್ಕೆ ಬರುತ್ತದೆ. ಬಿಸಿನೀರು ಚರ್ಮದಲ್ಲಿ ಯಾವ ನರದ ತುದಿಯನ್ನು ಮುಟ್ಟುತ್ತದೋ ಖಾರವೂ ಅದನ್ನೇ ಮುಟ್ಟುತ್ತದೆ. ಪೂರ್ತಿ ವಾಸಿಯಾಗೋಕೆ ಇರುವುದು ಒಂದೇ ದಾರಿ, ಸೇದೋದು ನಿಲ್ಲಿಸಬೇಕು.

ಡಾಕ್ಟರು ಡಿಸ್ಚಾರ್ಜ್ ಸಮ್ಮರಿಯಲ್ಲಿ ಏನು ಬರೆದರು ಗೊತ್ತಾ ಸ್ವಾಮಿ? "ಅಕ್ಯೂಟ್ ಗ್ಯಾಸ್ಟ್ರೈಟಿಸ್". ಹೊಟ್ಟೆಯುರಿ. ಹಾಗೆ ಬರೆಯಿರಿ ಅಂತ ಕೈ ಮುಗಿದು ಕೇಳಿದವನು ನಾನೇ. ಗಾಂಜಾ ಅಂತ ಬರೆದರೆ ಪೊಲೀಸರಿಗೆ ಹೋಗುತ್ತೇನೋ, ಕಾಲೇಜಿಗೆ ಹೋಗುತ್ತೇನೋ, ನಾಳೆ ಕೆಲಸಕ್ಕೆ ಸೇರುವಾಗ ಅಡ್ಡ ಬರುತ್ತೇನೋ ಅನ್ನೋ ಭಯ. ಅವರಿಗೂ ತಲೆನೋವು ಬೇಕಿರಲಿಲ್ಲ. ಬರೆದುಕೊಟ್ಟರು.

ಈಗ ಆ ಹುಡುಗ ನಿಮ್ಮ ಇಲಾಖೆಯ ಲೆಕ್ಕದಲ್ಲಿ ಗ್ಯಾಸ್ಟ್ರಿಕ್ ರೋಗಿ. ನಾನು ನಿಮಗೆ ಬರೆಯುತ್ತಿರುವುದು ಈ ಸುಳ್ಳಿನ ಬಗ್ಗೆ.

ಕೆನಡಾ 2018ರ ಅಕ್ಟೋಬರ್ 17ರಂದು ಮೋಜಿನ ಗಾಂಜಾವನ್ನು ಕಾನೂನುಬದ್ಧ ಮಾಡಿತು. ಅಲ್ಲಿನ ಒಂಟಾರಿಯೊ ಪ್ರಾಂತ್ಯದಲ್ಲಿ ತುರ್ತು ಚಿಕಿತ್ಸೆಗೆ ಬಂದ ಪ್ರತಿಯೊಬ್ಬರ ಕಾಯಿಲೆಗೂ ಒಂದು ಕೋಡ್ ಬೀಳುತ್ತದೆ. ಹಾಗಾಗಿ ಅವರಿಗೆ ಗೊತ್ತು: ನಮ್ಮ ಹುಡುಗನಿಗೆ ಬಂದಂಥ ವಾಂತಿಗೆ ಆಸ್ಪತ್ರೆಗೆ ಬರುವವರ ಪ್ರಮಾಣ 2014ರ ಜನವರಿಯಿಂದ 2021ರ ಜೂನ್ ಹೊತ್ತಿಗೆ 13 ಪಟ್ಟು ಆಯಿತು. ಕಾನೂನು ಬದಲಾದ ದಿನವೇ ಅದು ಜಿಗಿಯಲಿಲ್ಲ ಅನ್ನೋದೂ ಗೊತ್ತು. ಅಂಗಡಿಗಳು ಬೀದಿಬೀದಿಗೆ ಬಂದ ಮೇಲೆ, ತಿನ್ನೋ ಪದಾರ್ಥಗಳು ಬಂದ ಮೇಲೆ ಜಾಸ್ತಿಯಾಯಿತು. ಅದೇ ಹೊತ್ತಿಗೆ ಕೋವಿಡ್ ಕೂಡ ಇತ್ತು. ಡಾಕ್ಟರುಗಳಿಗೂ ಈ ಕಾಯಿಲೆ ಗುರುತು ಹಿಡಿಯೋದು ಅಭ್ಯಾಸವಾಯಿತು. ಇವನ್ನೆಲ್ಲ ಬಿಡಿಸಿ ನೋಡಿ ಜಗಳವಾಡೋಕೆ ಅವರ ಹತ್ತಿರ ಅಂಕಿ ಇದೆ. ನಮ್ಮ ಹತ್ತಿರ ಗ್ಯಾಸ್ಟ್ರೈಟಿಸ್ ಇದೆ.

ಮನಸ್ಸಿನ ಕಾಯಿಲೆ ವಿಷಯಕ್ಕೆ ಬಂದರೆ ಲೆಕ್ಕ ಇನ್ನೂ ಗಂಭೀರ. ಸ್ವೀಡನ್ನಿನಲ್ಲಿ ಸೇನೆಗೆ ಸೇರಿದ 45,000ಕ್ಕೂ ಹೆಚ್ಚು ಹುಡುಗರನ್ನು 15 ವರ್ಷ ಹಿಂಬಾಲಿಸಿ 1987ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 18ರ ಹೊತ್ತಿಗೆ 50 ಸಲಕ್ಕಿಂತ ಜಾಸ್ತಿ ಸೇದಿದ್ದವರಿಗೆ ಸ್ಕಿಜೋಫ್ರೀನಿಯಾ ಬರುವ ಸಾಧ್ಯತೆ ಸೇದದವರಿಗಿಂತ ಆರು ಪಟ್ಟು ಇತ್ತು. 2019ರಲ್ಲಿ ಯುರೋಪ್ ಮತ್ತು ಬ್ರೆಜಿಲ್ಲಿನ 11 ಕಡೆ ಮಾಡಿದ ಅಧ್ಯಯನ ಬಂತು. ದಿನಾ ಸೇದುವವರಿಗೆ ಸೈಕೋಸಿಸ್, ಅಂದರೆ ಇಲ್ಲದ್ದು ಕಾಣೋ, ಕೇಳೋ ಕಾಯಿಲೆ, ಬರುವ ಸಾಧ್ಯತೆ ಮೂರು ಪಟ್ಟು. ಟಿಎಚ್‌ಸಿ 10 ಪರ್ಸೆಂಟಿಗಿಂತ ಗಟ್ಟಿ ಇರುವ ಮಾಲನ್ನು ದಿನಾ ಸೇದಿದರೆ ಹತ್ತಿರ ಹತ್ತಿರ ಐದು ಪಟ್ಟು. ಇನ್ನು ಒಂಟಾರಿಯೊದಲ್ಲಿ, ಹೊಸ ಸ್ಕಿಜೋಫ್ರೀನಿಯಾ ಪ್ರಕರಣಗಳ ಪೈಕಿ ಗಾಂಜಾ ಚಟದ ಜತೆ ತಳುಕು ಹಾಕಬಹುದಾದ ಪಾಲು ಕಾನೂನಿಗೆ ಮುಂಚೆ 3.7 ಪರ್ಸೆಂಟ್ ಇದ್ದದ್ದು ಆಮೇಲೆ 10.3 ಪರ್ಸೆಂಟಿಗೆ ಬಂತು. ಒಟ್ಟು ಸ್ಕಿಜೋಫ್ರೀನಿಯಾ ಪ್ರಮಾಣ ಮಾತ್ರ ಏರಲಿಲ್ಲ ಅನ್ನೋದನ್ನೂ ಅದೇ ಅಧ್ಯಯನ ಹೇಳಿದೆ. ಗಾಂಜಾದಿಂದ ಕಾಯಿಲೆಯೋ, ಕಾಯಿಲೆ ಬರುವ ಲಕ್ಷಣ ಇದ್ದವರೇ ಜಾಸ್ತಿ ಸೇದುತ್ತಾರೋ ಅನ್ನೋ ವಾದ ನಿಂತಿಲ್ಲ. ಆದರೆ ಮನೆಯಲ್ಲಿ ಯಾರಿಗಾದರೂ ಅಂಥ ಕಾಯಿಲೆ ಇದ್ದರೆ ಆ ಮನೆ ಹುಡುಗ ಇದರ ಹತ್ತಿರ ಸುಳಿಯಬಾರದು ಅಂತ ಹೇಳೋಕೆ ವಾದ ಮುಗಿಯೋವರೆಗೆ ಕಾಯಬೇಕಿಲ್ಲ, ಅಲ್ವಾ?

ಗಟ್ಟಿ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಬೇಕು. ನಾನು ಚಿಕ್ಕವನಿದ್ದಾಗ ನಮ್ಮೂರ ಅರಳಿಕಟ್ಟೆಯ ಹತ್ತಿರ ಒಬ್ಬ ತಾತ ಇದ್ದ. ಗಾಂಜಾ ಸೇದುತ್ತಿದ್ದ. ಒದ್ದೆ ಬಟ್ಟೆಯನ್ನು ಚಿಲುಮೆಯ ಬುಡಕ್ಕೆ ಸುತ್ತಿ, ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಎಳೆಯುತ್ತಿದ್ದ. ಮೂರು ದಮ್ಮು ಎಳೆದು ತತ್ವಪದ ಹಾಡುತ್ತಾ ಕೂತರೆ ಮುಗೀತು, ಯಾರ ತಂಟೆಗೂ ಬರುತ್ತಿರಲಿಲ್ಲ. ಕಾನೂನುಬದ್ಧ ಮಾಡಿ ಅನ್ನುವವರೆಲ್ಲ ಇಂಥ ಒಬ್ಬ ತಾತನ ಕತೆ ಹೇಳುತ್ತಾರೆ. ನಾನೂ ಒಪ್ಪುತ್ತೇನೆ. ಬ್ರಿಟಿಷರು 1893-94ರಲ್ಲಿ ಕೂರಿಸಿದ ಆಯೋಗ 1,193 ಸಾಕ್ಷಿಗಳನ್ನು ಕೇಳಿ, ಹಿತಮಿತವಾಗಿ ಬಳಸಿದರೆ ಹೇಳಿಕೊಳ್ಳುವಂಥ ಹಾನಿ ಇಲ್ಲ, ಅತಿಯಾದರೆ ಹಾನಿ, ನಿಷೇಧ ಬೇಡ, ತೆರಿಗೆ ಹಾಕಿ ಹಿಡಿತದಲ್ಲಿಡಿ ಅಂದಿತ್ತು.

ಆದರೆ ಆ ತಾತನ ಸೊಪ್ಪೇ ಬೇರೆ, ಇವತ್ತಿನ ಮಾಲೇ ಬೇರೆ. ಅಮೆರಿಕದಲ್ಲಿ ಜಪ್ತಿಯಾದ ಗಾಂಜಾವನ್ನು ವರ್ಷವರ್ಷ ಪರೀಕ್ಷೆಗೆ ಹಾಕುತ್ತಾರೆ. 1995ರಲ್ಲಿ ಅದರಲ್ಲಿ ಟಿಎಚ್‌ಸಿ ಸುಮಾರು 4 ಪರ್ಸೆಂಟ್ ಇತ್ತು. 2021ರಲ್ಲಿ 15 ಪರ್ಸೆಂಟ್ ದಾಟಿತು. ಕಾನೂನುಬದ್ಧ ಅಂಗಡಿಗಳಲ್ಲಿ ಸಿಗುವ ಮೇಣದಂಥ, ಎಣ್ಣೆಯಂಥ ಸಾರದಲ್ಲಿ 60ರಿಂದ 90 ಪರ್ಸೆಂಟ್ ಇರುತ್ತದೆ. ಮಜ್ಜಿಗೆ ಕುಡಿದವನ ಅನುಭವ ಹೇಳಿ ತುಪ್ಪದ ಡಬ್ಬ ಕೈಗೆ ಕೊಟ್ಟ ಹಾಗೆ ಇದು.

ಔಷಧಿ ಮಾರುವವನಿಗೆ ಇದು ಬೇಗ ಅರ್ಥವಾಗುತ್ತದೆ. ಡೋಸ್ ಬದಲಾದರೆ ಅದೇ ಹೆಸರಿನ ಬೇರೆ ಔಷಧಿ ಅದು. ತಿನ್ನುವ ರೂಪದಲ್ಲಂತೂ ಡೋಸೇ ಸಿಗಲ್ಲ. ಸೇದಿದರೆ ಕೆಲವೇ ನಿಮಿಷದಲ್ಲಿ ಏರುತ್ತದೆ. ತಿಂದರೆ ಅರ್ಧ ಗಂಟೆಯಿಂದ ಎರಡು ಗಂಟೆ. ಏರಲೇ ಇಲ್ಲವಲ್ಲ ಅಂತ ಇನ್ನೊಂದು ತುಂಡು ಬಾಯಿಗೆ ಹಾಕುತ್ತಾರೆ. ಅಷ್ಟರಲ್ಲಿ ಮೊದಲನೆಯದು ಲಿವರಿನಲ್ಲಿ ಇನ್ನೂ ಜೋರಾದ ರೂಪಕ್ಕೆ ತಿರುಗಿರುತ್ತದೆ. ದೊಡ್ಡವರ ಪಾಡು ಅವರದು. ಮಕ್ಕಳಿಗೆ ಏನು ಗೊತ್ತು? ಅಮೆರಿಕದಲ್ಲಿ ಆರು ವರ್ಷದೊಳಗಿನ ಮಕ್ಕಳು ಗೊತ್ತಿಲ್ಲದೆ ಗಾಂಜಾ ಮಿಠಾಯಿ ತಿಂದ ಪ್ರಕರಣ, ವಿಷ ಮಾಹಿತಿ ಕೇಂದ್ರಗಳಿಗೆ ಬಂದದ್ದು, 2017ರಲ್ಲಿ 207. 2021ರಲ್ಲಿ 3,054. ಕೆನಡಾ ಒಂದು ಪ್ಯಾಕೆಟ್ಟಿಗೆ 10 ಮಿಲಿಗ್ರಾಂಗಿಂತ ಜಾಸ್ತಿ ಟಿಎಚ್‌ಸಿ ಇರಕೂಡದು ಅಂತ ಕಟ್ಟುನಿಟ್ಟು ಮಾಡಿತು. ಅಲ್ಲೂ ಮಕ್ಕಳು ಆಸ್ಪತ್ರೆಗೆ ಬರೋದು ಏರಿತು. ನಮ್ಮೂರಿನಲ್ಲಿ ಯಾರಾದರೂ ಮೈಸೂರು ಪಾಕಿಗೆ ಬೆರೆಸಿ ಫ್ರಿಜ್ಜಿನಲ್ಲಿ ಇಟ್ಟರೆ ಮೊದಲು ಕೈ ಹಾಕುವುದು ಯಾರು ಅಂತ ನಿಮಗೂ ಗೊತ್ತು.

ಈಗ ಇನ್ನೊಂದು ಕಡೆ. ಅನ್ಯಾಯ ಆಗಬಾರದಲ್ಲ. ಅಂಗಡಿ ತೆರೆದ ಕಡೆಯೆಲ್ಲ ಶಾಲೆ ಹುಡುಗರು ಸೇದೋದು ವಿಪರೀತ ಏರುತ್ತೆ ಅಂತ ಹೆದರಿದ್ದರು. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ 2014ರಿಂದ ಮಾರಾಟ ಇದೆ, ಅಲ್ಲಿ ಹೈಸ್ಕೂಲು ಮಕ್ಕಳ ಸಮೀಕ್ಷೆಗಳಲ್ಲಿ ಹಾಗೆ ಆಗಲಿಲ್ಲ. ಪೊಲೀಸು, ಕೋರ್ಟು ಅಂತ ಅಲೆಯುವವರ ಸಂಖ್ಯೆ ಇಳಿಯಿತು, ಇದು ಸಣ್ಣ ಲಾಭವಲ್ಲ. ಮಾಲಿನಲ್ಲಿ ಏನಿದೆ ಅಂತ ಪರೀಕ್ಷೆಯಾಗುತ್ತದೆ. 2019ರಿಂದ 2020ರ ಫೆಬ್ರವರಿವರೆಗೆ ಅಮೆರಿಕದಲ್ಲಿ ಇ-ಸಿಗರೇಟಿನಂಥ ವೇಪಿಂಗ್‌ನಿಂದ ಶ್ವಾಸಕೋಶ ಹಾಳಾಗಿ ಆಸ್ಪತ್ರೆ ಸೇರಿದವರು, ಸತ್ತವರು ಸೇರಿ 2,800 ದಾಟಿದರು, ಅದರಲ್ಲಿ 68 ಜನ ಸತ್ತರು. ಅದರ ಹಿಂದೆ ಮುಖ್ಯವಾಗಿ ಇದ್ದದ್ದು ಕಳ್ಳಮಾಲಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ಕದ್ದು ಮಾರುವವನು ಲೇಬಲ್ ಅಂಟಿಸಲ್ಲ. ಇದನ್ನೆಲ್ಲ ನಾನು ಒಪ್ಪುತ್ತೇನೆ.

ಹಾಗಿದ್ದರೂ ಅಂಗಡಿ ಬೇಡ ಅನ್ನುತ್ತೇನೆ. ಯಾಕೆಂದರೆ ನಾನೂ ಅಂಗಡಿಯವನು.

ಅಂಗಡಿ ನಡೆಯೋದು ವರ್ಷಕ್ಕೊಮ್ಮೆ ಬರುವ ಗಿರಾಕಿಯಿಂದ ಅಲ್ಲ. ನಮ್ಮ ಬಾಡಿಗೆ ಕಟ್ಟೋದು ಶುಗರ್, ಬಿಪಿ, ಥೈರಾಯ್ಡ್‌ನವರು. ತಿಂಗಳು ತಿಂಗಳು ಬರುವವರು. ಅವರಿಗೆ ಡಿಸ್ಕೌಂಟ್ ಕೊಡುತ್ತೇವೆ, ಮನೆಗೆ ಕಳಿಸುತ್ತೇವೆ, ಅವರ ಮೊಮ್ಮಗುವಿನ ಹೆಸರು ನೆನಪಿಟ್ಟುಕೊಳ್ಳುತ್ತೇವೆ. ವ್ಯಾಪಾರ ಅಂದರೆ ಅದೇ. ಗಾಂಜಾ ಅಂಗಡಿಯ ತಿಂಗಳ ಗಿರಾಕಿ ಯಾರು? ನಮ್ಮ ಹುಡುಗ. ಕೊಲರಾಡೊ ಸರ್ಕಾರ 2014ರಲ್ಲಿ ತನ್ನದೇ ಲೆಕ್ಕ ತೆಗೆಸಿದಾಗ, ಸೇದುವವರಲ್ಲಿ ಐದನೇ ಒಂದು ಭಾಗದಷ್ಟು ಇದ್ದ ದಿನಾ ಸೇದುವ ಜನವೇ ಒಟ್ಟು ಮಾಲಿನ ಮೂರನೇ ಎರಡು ಭಾಗ ಮುಗಿಸುತ್ತಿದ್ದರು. ಇಡೀ ಅಮೆರಿಕದಲ್ಲಿ ದಿನಾ ಅಥವಾ ಹೆಚ್ಚುಕಮ್ಮಿ ದಿನಾ ಗಾಂಜಾ ಬಳಸುವವರು 1992ರಲ್ಲಿ 10 ಲಕ್ಷದ ಒಳಗಿದ್ದರು. 2022ರಲ್ಲಿ 1.77 ಕೋಟಿ. ದಿನಾ ಕುಡಿಯುವವರನ್ನೂ ಅವರು ಹಿಂದೆ ಹಾಕಿದರು. ಎಲ್ಲರೂ ನೋಡೋದು ಎಷ್ಟು ಜನ ಸೇದುತ್ತಾರೆ ಅಂತ. ಅಂಗಡಿಯವನು ನೋಡೋದು ಎಷ್ಟು ದಿನಕ್ಕೊಮ್ಮೆ ಬರುತ್ತಾನೆ ಅಂತ.

ಉರುಗ್ವೆ ಅನ್ನೋ ಪುಟ್ಟ ದೇಶ ನನ್ನಂಥವರಿಗೇ ಈ ಕೆಲಸ ವಹಿಸಿತು. 2013ರಲ್ಲಿ ಕಾನೂನು ಮಾಡಿ, 2017ರ ಜುಲೈನಲ್ಲಿ ಮೆಡಿಕಲ್ ಸ್ಟೋರುಗಳಲ್ಲಿ ಮಾರೋಕೆ ಬಿಟ್ಟರು. ಹೆಸರು ನೋಂದಾಯಿಸಿಕೊಂಡವರಿಗೆ ಮಾತ್ರ, ಬೆರಳಚ್ಚು ಒತ್ತಿಸಿಕೊಂಡು, ವಾರಕ್ಕೆ 10 ಗ್ರಾಂ. ಜಾಹೀರಾತಿಲ್ಲ. ಹೊರದೇಶದವರಿಗಿಲ್ಲ. ಬೇರೆಲ್ಲ ಕಡೆಗಿಂತ ಇದು ವಾಸಿ ಅನ್ನಿಸುತ್ತದೆ. ಆದರೂ ಶುರುವಿನಲ್ಲಿ ಮುಂದೆ ಬಂದದ್ದು 16 ಮೆಡಿಕಲ್ ಸ್ಟೋರು ಮಾತ್ರ. ಆ ದೇಶದ ನನ್ನ ಸಹೋದ್ಯೋಗಿಗಳ ಸಂಕಟ ನನಗೆ ಕಾಣುತ್ತದೆ. ಥಾಯ್ಲೆಂಡ್ ಇದರ ಪೂರ್ತಿ ಉಲ್ಟಾ. 2022ರ ಜೂನಿನಲ್ಲಿ ಮಾದಕ ವಸ್ತುಗಳ ಪಟ್ಟಿಯಿಂದಲೇ ತೆಗೆದರು, ನಿಯಮ ಆಮೇಲೆ ಮಾಡೋಣ ಅಂದರು. ಸಾವಿರಾರು ಅಂಗಡಿ ಎದ್ದವು. ಮೂರು ವರ್ಷ ಆದ ಮೇಲೆ, 2025ರ ಜೂನಿನಲ್ಲಿ, ಡಾಕ್ಟರ ಚೀಟಿ ಇಲ್ಲದೆ ಮಾರಬೇಡಿ ಅಂತ ಹಿಂದಕ್ಕೆ ಎಳೆದುಕೊಂಡರು. ನಮ್ಮ ಕಟ್ಟೆಯ ಹುಡುಗರಿಗೆ ಈ ಎರಡನೇ ಸುದ್ದಿ ಮುಟ್ಟಿಲ್ಲ.

ನಮ್ಮ ಸರ್ಕಾರ ಉರುಗ್ವೆಯ ಹಾಗೆ ಮಾರುತ್ತದೋ, ಥಾಯ್ಲೆಂಡಿನ ಹಾಗೆ ಮಾರುತ್ತದೋ? ಕೋಪ ಮಾಡಿಕೊಳ್ಳಬೇಡಿ ಸ್ವಾಮಿ. 2007ರ ಜುಲೈನಲ್ಲಿ ಸಾರಾಯಿ ನಿಲ್ಲಿಸಿದಿರಿ, ನಮ್ಮೂರ ಹೆಂಗಸರು ಸಿಹಿ ಹಂಚಿದರು. ಇವತ್ತು ರಾಜ್ಯಕ್ಕೆ ಅಬಕಾರಿಯಿಂದ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಜಾಸ್ತಿ ಬರುತ್ತದೆ. ಕುಡಿಯುವವನು ಬಿಟ್ಟಾನು, ಆ ದುಡ್ಡಿನ ರುಚಿ ಕಂಡ ಖಜಾನೆ ಬಿಡಲ್ಲ. ದೆಹಲಿಯ ಏಮ್ಸ್‌ನವರು ಕೇಂದ್ರ ಸರ್ಕಾರಕ್ಕೆ ಮಾಡಿಕೊಟ್ಟು 2019ರಲ್ಲಿ ಪ್ರಕಟವಾದ ಸಮೀಕ್ಷೆ ಪ್ರಕಾರ ದೇಶದಲ್ಲಿ ಗಾಂಜಾ, ಭಂಗಿ, ಚರಸ್ ಬಳಸುವವರು 3.1 ಕೋಟಿ, ಅದರಿಂದ ತೊಂದರೆಗೆ ಸಿಕ್ಕಿ ನೆರವು ಬೇಕಾದವರು ಸುಮಾರು 72 ಲಕ್ಷ. ಮದ್ಯದಿಂದ ನೆರವು ಬೇಕಾದವರು 5.7 ಕೋಟಿ. ಆ ಮದ್ಯದ ಚಟದವರಲ್ಲಿ 38ಕ್ಕೆ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ. ಕಾನೂನುಬದ್ಧವಾಗಿ ಮಾರುವ ಅಮಲಿನ ಕತೆಯೇ ಇದು. ಒಂದಕ್ಕೇ ಹಾಸಿಗೆ ಸಾಲದ ಮನೆಗೆ ಇನ್ನೊಂದು ನೆಂಟನನ್ನು ಕರೆಯುವ ಮಾತು ಯಾಕೆ?

ಗೌಡರ ಕಬ್ಬಿನ ಮಾತಿಗೂ ಉತ್ತರ ಹೇಳಿಬಿಡುತ್ತೇನೆ. ನಾರಿಗೆ, ಬೀಜಕ್ಕೆ ಬೆಳೆಯುವ ಸೆಣಬಿನಂಥ ತಳಿ ಬೇರೆ. ಉತ್ತರಾಖಂಡ 2018ರಲ್ಲಿ ಅದಕ್ಕೆ ಅನುಮತಿ ಕೊಟ್ಟಿತು. ಅದರಲ್ಲಿ ಟಿಎಚ್‌ಸಿ 0.3 ಪರ್ಸೆಂಟಿನ ಒಳಗಿರಬೇಕು, ಅಂದರೆ ಗದ್ದೆ ಪೂರ್ತಿ ಸೇದಿದರೂ ಕೆಮ್ಮು ಬಿಟ್ಟರೆ ಇನ್ನೇನೂ ಬರಲ್ಲ. ಅದು ಕೃಷಿ ಇಲಾಖೆ ವಿಷಯ. ಅದನ್ನು ತೋರಿಸಿ ಇದನ್ನು ಕೇಳಬಾರದು.

ಅಂಗಡಿ ಬೇಡ ಅಂದೆ. ಈಗಿರುವುದು ಹೀಗೇ ಇರಲಿ ಅಂತ ಮಾತ್ರ ದಯವಿಟ್ಟು ಅರ್ಥ ಮಾಡಿಕೊಳ್ಳಬೇಡಿ. 1985ರ ಎನ್‌ಡಿಪಿಎಸ್, ಅಂದರೆ ಮಾದಕ ವಸ್ತು ತಡೆ ಕಾಯ್ದೆ ಪ್ರಕಾರ ಗಾಂಜಾ ಸೇದಿದ್ದಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲ 10,000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಜೇಬಿನಲ್ಲಿ ಸ್ವಲ್ಪ ಸಿಕ್ಕರೆ ಒಂದು ವರ್ಷದವರೆಗೆ. ಅದೇ ಗಿಡದ ಎಲೆಯಿಂದ ಮಾಡಿದ ಭಂಗಿ ಈ ಕಾಯ್ದೆಯಡಿ ಬರಲ್ಲ ಅಂತ ನಮ್ಮ ಹೈಕೋರ್ಟೇ 2022ರಲ್ಲಿ ಒಂದು ಜಾಮೀನು ಆದೇಶದಲ್ಲಿ ಹೇಳಿದೆ. ಹೂವು ಅಪರಾಧ, ಎಲೆ ಅಲ್ಲ. ಹುಡುಗರಿಗೆ ಇದನ್ನು ಏನಂತ ವಿವರಿಸೋದು? ಮೂತ್ರ ಪರೀಕ್ಷೆ ಮಾಡಿಸಿ ಕೇಸು ಹಾಕುತ್ತಾರೆ. ದಿನಾ ಸೇದುತ್ತಿದ್ದವನು ಬಿಟ್ಟು ಮೂರು ವಾರ ಆದರೂ ಮೂತ್ರದಲ್ಲಿ ಅದರ ಗುರುತು ಸಿಗಬಹುದು. ಬಿಡೋಕೆ ಒದ್ದಾಡುತ್ತಿರುವವನೇ ಸಿಕ್ಕಿಬೀಳುತ್ತಾನೆ. ಇತ್ತ 2025ರ ಜುಲೈನಲ್ಲಿ ಮುಂಬೈ ಪೊಲೀಸರು ಇಲ್ಲಿಗೆ ಬಂದು, ನಮ್ಮ ಮೈಸೂರಿನಲ್ಲೇ ಮೆಫೆಡ್ರೋನ್ ಅನ್ನೋ ರಾಸಾಯನಿಕ ಅಮಲು ತಯಾರಾಗುತ್ತಿದ್ದ ಜಾಗ ಹಿಡಿದರು. ಅದು ಗಾಂಜಾಕ್ಕಿಂತ ಎಷ್ಟೋ ಪಾಲು ಕೆಟ್ಟದ್ದು. ಯಾರ ಹಿಂದೆ ಓಡಬೇಕಿತ್ತು ಅಂತ ನೀವೇ ಯೋಚನೆ ಮಾಡಿ.

ಇದೇ ಕಾಯ್ದೆಯಲ್ಲಿ 64ಎ ಅಂತ ಒಂದು ಕಲಂ ಇದೆ. ಸೇದಿದ ಅಥವಾ ಸಣ್ಣ ಪ್ರಮಾಣ ಇಟ್ಟುಕೊಂಡ ಆರೋಪದ ಚಟದವನು ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕಡೆ ಚಿಕಿತ್ಸೆ ತಗೊಂಡರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆ ಪೂರ್ತಿ ಮಾಡಬೇಕು, ಅಷ್ಟೇ. ಈ ಕಲಂ ನನಗೆ ಗೊತ್ತಾದದ್ದು ಡಿಸ್ಚಾರ್ಜ್ ಸಮ್ಮರಿಯಲ್ಲಿ ಸುಳ್ಳು ಬರೆಸಿ ಎಂಟು ತಿಂಗಳಾದ ಮೇಲೆ. ಅದನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಪ್ರತಿ ತಾಲ್ಲೂಕು ಆಸ್ಪತ್ರೆಯ ಗೋಡೆಗೆ ಹಾಕಿಸಿ. ಕಾಲೇಜುಗಳಿಗೂ ಕಳಿಸಿ. ಮಾದಕ ಮುಕ್ತ ಅಂತ ಜಾಥಾ ಮಾಡಿಸಿ ಟಿ-ಶರ್ಟ್ ಹಂಚುವ ದುಡ್ಡಿನಲ್ಲಿ ಇದು ಆಗಿಹೋಗುತ್ತದೆ.

ಇನ್ನೊಂದು. ಮನೋಚೈತನ್ಯ ಅಂತ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕಳಿಸುವ ಕಾರ್ಯಕ್ರಮ ನಮ್ಮ ರಾಜ್ಯದಲ್ಲಿದೆ. ಒಳ್ಳೆಯದು. ಆದರೆ ಹುಡುಗರ ತಲೆಕೆಡೋದು ಮಂಗಳವಾರವೇ ಅಲ್ಲ. ಅಲ್ಲಿಗೆ ವಾರಪೂರ್ತಿ ಕೂರುವ ಒಬ್ಬ ಆಪ್ತಸಮಾಲೋಚಕರನ್ನು ಕೊಡಿ, ಹುಡುಗರ ಜತೆ ಹುಡುಗರ ಭಾಷೆಯಲ್ಲಿ ಮಾತಾಡುವವರನ್ನು. ನಮ್ಮ ಹುಡುಗನಿಗೆ ಬಿಡಿಸಿದ್ದು ಯಾವ ಮಾತ್ರೆಯೂ ಅಲ್ಲ. ಗಾಂಜಾ ಚಟಕ್ಕೆ ಅಂತಲೇ ಒಪ್ಪಿತವಾದ ಮಾತ್ರೆ ಇವತ್ತಿಗೂ ಇಲ್ಲ. ವಾರಕ್ಕೊಂದು ಸಲ ಕೂತು ಮಾತಾಡಿದ ಒಬ್ಬ ಹೆಣ್ಣುಮಗಳು ಬಿಡಿಸಿದರು. ಮೊದಲ ಎರಡು ವಾರ ನಿದ್ದೆ ಇಲ್ಲ, ಸಿಡುಕು, ಊಟ ಸೇರದು. ಅಕ್ಕನ ಮೇಲೆ ಒಂದು ದಿನ ತಟ್ಟೆ ಎಸೆದ. ಆಮೇಲೆ ಅವಳ ಕಾಲು ಹಿಡಿದುಕೊಂಡು ಅತ್ತ. ಅವಳು ಇವನಿಗೆ ಬೈಯಲಿಲ್ಲ, "ಮೊದಲೇ ಯಾಕ್ ಯೋಳ್ಲಿಲ್ಲ" ಅಂತ ನನಗೆ ಬೈದಳು.

ಮುಖ್ಯವಾದದ್ದು ಕೊನೆಗೆ ಉಳಿದಿದೆ, ಅದು ರಿಜಿಸ್ಟರಿನ ವಿಷಯ. ಆತಂಕಕ್ಕೆ ಕೊಡುವ ಆಲ್ಪ್ರಜೋಲಾಮ್ ಮಾತ್ರೆ ಒಂದು ಸ್ಟ್ರಿಪ್ ಮಾರಿದರೂ ನಾನು ಎಚ್1 ಪುಸ್ತಕದಲ್ಲಿ ಬರೆಯಬೇಕು. ಬರೆದ ಡಾಕ್ಟರ ಹೆಸರು, ವಿಳಾಸ, ರೋಗಿಯ ಹೆಸರು, ಎಷ್ಟು ಮಾತ್ರೆ. 2014ರಿಂದ ಇದು ನಿಯಮ. ಮೂರು ವರ್ಷ ಆ ಪುಸ್ತಕ ಜೋಪಾನ ಮಾಡಬೇಕು. ಡ್ರಗ್ ಇನ್‌ಸ್ಪೆಕ್ಟರ್ ಬಂದರೆ ಮೊದಲು ಕೇಳೋದೇ ಅದನ್ನು. ಒಂದು ಸಾಲು ತಪ್ಪಿದರೆ ನನಗೆ ನೋಟಿಸು. ಹತ್ತು ಮಾತ್ರೆಗೆ ಇಷ್ಟು ಲೆಕ್ಕ ಇಡಿಸುವ ಸರ್ಕಾರ, ಗಾಂಜಾದಿಂದ ವಾಂತಿಯಾಗಿ, ತಲೆಕೆಟ್ಟು, ಬೈಕಿನಿಂದ ಬಿದ್ದು ಬಂದ ಹುಡುಗನನ್ನು ಗ್ಯಾಸ್ಟ್ರೈಟಿಸ್ ಅಂತ ಬರೆಯುವ ಪರಿಸ್ಥಿತಿಯಲ್ಲಿ ಬಿಟ್ಟಿದೆ. ಬೈಕಿನ ಮಾತು ಯಾಕೆ ಅಂದೆ ಅಂದರೆ, ಹೆದ್ದಾರಿಯಲ್ಲಿ ಪೊಲೀಸರು ಊದಿಸುವ ಯಂತ್ರಕ್ಕೆ ಗಾಂಜಾ ಗೊತ್ತಾಗಲ್ಲ. ಆಲ್ಕೋಹಾಲ್ ಮಾತ್ರ ಗೊತ್ತಾಗುತ್ತದೆ.

ಹೆಸರು ಬೇಡ. ವಿಳಾಸ ಬೇಡ. ಪೊಲೀಸರಿಗೆ ಹೋಗಕೂಡದು, ಹಾಗಂತ ಲಿಖಿತವಾಗಿ ಆದೇಶ ಮಾಡಿ. ವಯಸ್ಸು, ಯಾವ ತೊಂದರೆ, ಸೇದಿದ್ದೋ ತಿಂದದ್ದೋ, ಎಷ್ಟು ದಿನದಿಂದ. ಇಷ್ಟು. ಮೈಸೂರು, ಮಂಡ್ಯ ಎರಡೇ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳ ತುರ್ತು ವಿಭಾಗದಲ್ಲಿ ಒಂದು ವರ್ಷ ಬರೆಸಿ ನೋಡಿ. ನಾಳೆ ದೆಹಲಿಯಲ್ಲಿ ಕಾನೂನು ಸಡಿಲ ಮಾಡುವ ಚರ್ಚೆ ಬಂದಾಗ ರಾಜ್ಯದ ಕೈಯಲ್ಲಿ ಹೇಳೋಕೆ ಏನಾದರೂ ಇರುತ್ತದೆ. ಕಟ್ಟೆಯ ಹುಡುಗರು ಹೇಳಿದ್ದೇ ಸರಿ ಅಂತ ಲೆಕ್ಕ ತೋರಿಸಿದರೆ ನಾನು ವಾದ ಬಿಡುತ್ತೇನೆ, ಬರೆದು ಕೊಡುತ್ತೇನೆ ಬೇಕಿದ್ದರೆ.

ಯಾರಿಗಾದರೂ ಈ ಪತ್ರ ಓದುವಾಗ ಮನೆಯ ಹುಡುಗನ ಮುಖ ನೆನಪಾದರೆ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಚಟ ಬಿಡಿಸೋಕೆ ಅಂತಲೇ 14446 ಇದೆ. ಬಿಸಿನೀರಿನ ವಿಷಯ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಎಂಡೋಸ್ಕೋಪಿ ದುಡ್ಡು ಉಳಿಯುತ್ತದೆ.

ನಮ್ಮ ಹುಡುಗ ಈ ವರ್ಷ ಕಡೇ ಸೆಮಿಸ್ಟರ್ ಮುಗಿಸಿದ. ಮೊನ್ನೆ ಅಂಗಡಿಗೆ ಬಂದಿದ್ದ. ನಿಮಗೆ ಪತ್ರ ಬರೆಯುತ್ತಿದ್ದೇನೆ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ನನ್ನ ಹೆಸರು ಬೇಡ ಮಾವ, ಆ ಸಮ್ಮರಿ ಮಾತ್ರ ಕಳಿಸು" ಅಂದ. ಹೆಸರಿನ ಮೇಲೆ ಕಪ್ಪು ಮಸಿ ಬಳಿದು ಜೆರಾಕ್ಸ್ ಮಾಡಿಸಿ ಇಟ್ಟಿದ್ದೇನೆ. ನಿಮ್ಮ ಕಚೇರಿಯಿಂದ ಯಾರಾದರೂ ಕೇಳಿದರೆ ಅದೇ ದಿನ ಪೋಸ್ಟ್ ಮಾಡುತ್ತೇನೆ. ಗ್ಯಾಸ್ಟ್ರೈಟಿಸ್ ಅನ್ನೋ ಪದದ ಕೆಳಗೆ ನಾನು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಿದ್ದೇನೆ.

ಇಂತಿ,
ಮೈಸೂರಿನ ಒಬ್ಬ ಮೆಡಿಕಲ್ ಸ್ಟೋರಿನವನು